ಸೇನಾ ಕುಟುಂಬಗಳ ಕಾರು ಸಾಗಣೆ: ಗುತ್ತಿಗೆದಾರ ಯಾರಿಗೆ ಉತ್ತರದಾಯಿ?

ಸೈನಿಕನಿಗೆ ವರ್ಗಾವಣೆ ಹೊಸದಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವುದು ಯಾವ ದೇಶದ ಸೇನೆಯಲ್ಲಾದರೂ ಇದ್ದದ್ದೇ. ಆದರೆ ಅಮೆರಿಕದ ಸೇನೆಯ ಮಾತು ಸ್ವಲ್ಪ ಬೇರೆ. ಅದರ ನೆಲೆಗಳು ಜರ್ಮನಿ, ಇಟಲಿ, ಬ್ರಿಟನ್, ದಕ್ಷಿಣ ಕೊರಿಯಾಗಳಲ್ಲಿ ಹರಡಿಕೊಂಡಿವೆ. ಹವಾಯಿ, ಅಲಾಸ್ಕ, ಗುವಾಮ್‌ಗಳಂತಹ ದೂರದ ತಾಣಗಳೂ ಇವೆ. ಅಲ್ಲಿಗೆ ಹೋಗುವ ಸೈನಿಕ ಹೆಂಡತಿ ಮಕ್ಕಳೊಂದಿಗೆ ಹೋಗುತ್ತಾನೆ. ಕುಟುಂಬದ ಜೊತೆಗೆ ಅವರ ಕಾರೂ ಸಮುದ್ರ ದಾಟಬೇಕಾಗುತ್ತದೆ.

ಈ ಕಾರನ್ನು ಸರ್ಕಾರದ ಖರ್ಚಿನಲ್ಲಿಯೇ ಸಾಗಿಸಿಕೊಡಬೇಕೆಂಬುದು ಅಲ್ಲಿಯ ಕಾನೂನು. ಸಾಗಿಸುವವನು ಮಾತ್ರ ಸರ್ಕಾರವಲ್ಲ, ಖಾಸಗಿ ಗುತ್ತಿಗೆದಾರ. 2014ರ ಬೇಸಿಗೆಯಲ್ಲಿ ಈ ವ್ಯವಸ್ಥೆ ಕುಸಿದುಬಿತ್ತು. ಸಾವಿರಾರು ಕುಟುಂಬಗಳು ಪರದೇಶದಲ್ಲಿ, ಪರವೂರಿನಲ್ಲಿ ಕಾರಿಲ್ಲದೆ ಕೈಚೆಲ್ಲಿ ಕುಳಿತವು. 'ನಮ್ಮ ಕಾರು ಎಲ್ಲಿದೆ?' ಎಂಬ ಸರಳ ಪ್ರಶ್ನೆಗೂ ಉತ್ತರ ಸಿಗಲಿಲ್ಲ. ಸರ್ಕಾರಿ ಕೆಲಸವನ್ನು ಖಾಸಗಿಯವರಿಗೆ ವಹಿಸಿದಾಗ ಹೊಣೆಗಾರಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಈ ಪ್ರಕರಣ ಇಂದಿಗೂ ಒಳ್ಳೆಯ ನಿದರ್ಶನ.

ವ್ಯವಸ್ಥೆ ಹೇಗಿದೆ?

ಶಾಶ್ವತ ವರ್ಗಾವಣೆಯ ಆದೇಶ ಪಡೆದ ಸೈನಿಕ ಸಾಮಾನ್ಯವಾಗಿ ಒಂದು ಸ್ವಂತ ವಾಹನವನ್ನು ಸರ್ಕಾರದ ವೆಚ್ಚದಲ್ಲಿ ಕಳುಹಿಸಬಹುದು. ವಾಹನದ ಗಾತ್ರಕ್ಕೆ ಮಿತಿಯಿದೆ. 20 'ಅಳತೆ ಟನ್' ಮೀರಿದರೆ ಹೆಚ್ಚುವರಿ ಖರ್ಚು ಮಾಲೀಕನದೇ. ಇಲ್ಲಿ ಟನ್ ಎಂದರೆ ತೂಕವಲ್ಲ, ಜಾಗದ ಅಳತೆ. ಒಂದು ಅಳತೆ ಟನ್ನಿಗೆ 40 ಘನ ಅಡಿ. ಹಡಗಿನಲ್ಲಿ ಬೆಲೆ ಬರುವುದು ಜಾಗಕ್ಕಾದ್ದರಿಂದ ಈ ಲೆಕ್ಕ.

ಸೈನಿಕ ತನ್ನ ಕಾರನ್ನು ಗುತ್ತಿಗೆದಾರ ನಡೆಸುವ 'ವಾಹನ ಸಂಸ್ಕರಣ ಕೇಂದ್ರ'ಕ್ಕೆ ಒಯ್ದು ಒಪ್ಪಿಸಬೇಕು. ಕಾರು ಒಳಗೂ ಹೊರಗೂ ಸ್ವಚ್ಛವಾಗಿರಬೇಕು. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಂಧನ ಇರಕೂಡದು. ಕಾರಿನ ಮೇಲೆ ಸಾಲವಿದ್ದರೆ ಅದನ್ನು ದೇಶದಾಚೆ ಒಯ್ಯಲು ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಕೇಂದ್ರದ ತಪಾಸಕ ಕಾರಿನ ಸುತ್ತ ಒಂದು ಸುತ್ತು ಬಂದು, ಎಲ್ಲಿ ಗೀರು, ಎಲ್ಲಿ ತಗ್ಗು ಎಂಬುದನ್ನು ನಿಗದಿತ ನಮೂನೆಯಲ್ಲಿ ಗುರುತಿಸಿ, ಮಾಲೀಕನ ಸಹಿ ಪಡೆಯುತ್ತಾನೆ. ಈ ಕಾಗದವೇ ಮುಂದೆ ಹಾನಿ ಪರಿಹಾರದ ಬುನಾದಿ. ಕೊನೆಗೆ ಸೈನಿಕನ ಕೈಗೆ ಒಂದು ದಿನಾಂಕ ಸಿಗುತ್ತದೆ. ಆ ದಿನದೊಳಗೆ ಕಾರು ಆಚೆಯ ಕೇಂದ್ರದಲ್ಲಿ ಸಿದ್ಧವಾಗಿರಬೇಕು ಎಂಬುದು ಗುತ್ತಿಗೆಯ ಕರಾರು.

ಅಲ್ಲಿಂದ ಕಾರು ಲಾರಿಯೇರಿ ಬಂದರು ಸೇರುತ್ತದೆ. ಬಂದರಿನಲ್ಲಿ ಅದನ್ನು ನೇರವಾಗಿ ಚಲಾಯಿಸಿಕೊಂಡೇ ಹಡಗಿನೊಳಗೆ ಹತ್ತಿಸುತ್ತಾರೆ. ಇಂತಹ ಹಡಗಿಗೆ 'ರೋ-ರೋ' ಎನ್ನುತ್ತಾರೆ. ಸುರತ್ಕಲ್‌ನಿಂದ ಸರಕು ತುಂಬಿದ ಲಾರಿಗಳನ್ನು ಹೊತ್ತೊಯ್ಯುವ ಕೊಂಕಣ ರೈಲ್ವೆಯ ರೋ-ರೋ ರೈಲನ್ನು ಕಂಡವರಿಗೆ ಈ ಪದ ಪರಿಚಿತ. ತತ್ವ ಒಂದೇ, ಇಲ್ಲಿ ಹಳಿಯ ಬದಲು ಸಾಗರ. ಅಮೆರಿಕದ ಸೇನೆಯ ಸರಕನ್ನು ಅಮೆರಿಕದ ಧ್ವಜ ಹೊತ್ತ ಹಡಗಿನಲ್ಲಿಯೇ ಸಾಗಿಸಬೇಕು ಎಂಬ ನಿಯಮ 1904ರಿಂದಲೂ ಇದೆ. ಸೈನಿಕರ ಕಾರುಗಳಿಗೂ ಇಂತಹ ಹಡಗುಗಳಿಗೇ ಮೊದಲ ಆದ್ಯತೆ.

ಆಚೆಯ ದಡದಲ್ಲಿ ಮತ್ತೆ ಲಾರಿ, ಮತ್ತೊಂದು ಕೇಂದ್ರ. ಹೀಗೆ ಒಂದು ಕಾರು ತಲುಪುವ ವೇಳೆಗೆ ಹಲವು ಕೈ ಬದಲಾಗಿರುತ್ತದೆ. ಮೂಲ ಗುತ್ತಿಗೆದಾರ ಒಬ್ಬನಾದರೂ ಲಾರಿಯವನು ಬೇರೆ, ಹಡಗಿನವನು ಬೇರೆ. ಸೈನಿಕನಿಗೆ ಕಾಣುವ ಮುಖ ಮಾತ್ರ ಕೇಂದ್ರದ ಕೌಂಟರಿನಲ್ಲಿ ಕುಳಿತ ಗುಮಾಸ್ತನದು.

ಈ ಎಲ್ಲದರ ಮೇಲ್ವಿಚಾರಣೆ ಇಲಿನಾಯ್ ರಾಜ್ಯದ ಸ್ಕಾಟ್ ವಾಯುನೆಲೆಯಲ್ಲಿರುವ ಅಮೆರಿಕ ಸಾರಿಗೆ ಕಮಾಂಡ್‌ನದು. ಸೇನಾ ವಲಯದಲ್ಲಿ ಇದನ್ನು 'ಟ್ರಾನ್ಸ್‌ಕಾಂ' ಎಂದೇ ಕರೆಯುತ್ತಾರೆ. ವರ್ಷಕ್ಕೆ ಸರಿಸುಮಾರು 70 ಸಾವಿರ ಕಾರುಗಳ ಸಾಗಣೆ ಈ ಗುತ್ತಿಗೆಯ ವ್ಯಾಪ್ತಿಗೆ ಬರುತ್ತಿತ್ತು.

2014ರಲ್ಲಿ ನಡೆದದ್ದೇನು?

ಹಲವು ವರ್ಷಗಳ ಕಾಲ ಈ ಕೆಲಸ ಮಾಡಿದ್ದು 'ಅಮೆರಿಕನ್ ಆಟೋ ಲಾಜಿಸ್ಟಿಕ್ಸ್' ಎಂಬ ಸಂಸ್ಥೆ. 2013ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಕಾಂ ಹೊಸ ಗುತ್ತಿಗೆಯನ್ನು ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್‌ನ 'ಇಂಟರ್‌ನ್ಯಾಷನಲ್ ಆಟೋ ಲಾಜಿಸ್ಟಿಕ್ಸ್' ಸಂಸ್ಥೆಗೆ ನೀಡಿತು. ಎಲ್ಲ ವಿಸ್ತರಣೆಗಳೂ ಸೇರಿದರೆ ಅದರ ಒಟ್ಟು ಮೌಲ್ಯ ಸುಮಾರು 91.9 ಕೋಟಿ ಡಾಲರ್.

ಗುತ್ತಿಗೆ ಕಳೆದುಕೊಂಡ ಹಳೆಯ ಸಂಸ್ಥೆ ಸುಮ್ಮನೆ ಕೂರಲಿಲ್ಲ. ಅಮೆರಿಕದ ಸಂಸತ್ತಿನ ಅಧೀನದಲ್ಲಿರುವ ಸರ್ಕಾರಿ ಉತ್ತರದಾಯಿತ್ವ ಕಚೇರಿಗೆ ಆಕ್ಷೇಪಣೆ ಸಲ್ಲಿಸಿತು. ಲೆಕ್ಕಪರಿಶೋಧನೆಯಲ್ಲಿ ನಮ್ಮ ಮಹಾಲೇಖಪಾಲರ ಕಚೇರಿಯನ್ನು ಹೋಲುವ ಈ ಸಂಸ್ಥೆ ಟೆಂಡರ್ ತಕರಾರುಗಳನ್ನೂ ಆಲಿಸುತ್ತದೆ. ಅಲ್ಲಿ ಆಕ್ಷೇಪಣೆ ಫಲಿಸಲಿಲ್ಲ. ಬಳಿಕ ಸರ್ಕಾರದ ವಿರುದ್ಧದ ದಾವೆಗಳನ್ನು ನಡೆಸುವ ಫೆಡರಲ್ ಕ್ಲೇಮ್ಸ್ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿಯೂ ತೀರ್ಪು ಹಳೆಯ ಸಂಸ್ಥೆಗೆ ಪ್ರತಿಕೂಲವಾಯಿತು.

ಈ ಜಗ್ಗಾಟದಲ್ಲಿ ತಿಂಗಳುಗಳು ಕಳೆದವು. ಹೊಸ ಸಂಸ್ಥೆ ಕೆಲಸ ಕೈಗೆತ್ತಿಕೊಂಡದ್ದು 2014ರ ಮೇ 1ರಂದು. ಸಮಸ್ಯೆಯ ಬೇರು ಇರುವುದು ಈ ದಿನಾಂಕದಲ್ಲಿಯೇ. ಅಮೆರಿಕದಲ್ಲಿ ಶಾಲೆಗಳಿಗೆ ರಜೆ ಬರುವುದು ಬೇಸಿಗೆಯಲ್ಲಿ. ಮಕ್ಕಳ ಓದಿಗೆ ತೊಂದರೆಯಾಗದಿರಲೆಂದು ಸೇನಾ ವರ್ಗಾವಣೆಗಳಲ್ಲಿ ದೊಡ್ಡ ಪಾಲು ಮೇ ತಿಂಗಳಿನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಆಗುತ್ತದೆ. ಅಂದರೆ ಹೊಸ ಕೇಂದ್ರಗಳು, ಹೊಸ ಸಿಬ್ಬಂದಿ, ಹೊಸ ಗಣಕ ವ್ಯವಸ್ಥೆ ಎಲ್ಲವೂ ಪ್ರವಾಹ ಬರುವ ದಿನವೇ ನದಿಗೆ ಇಳಿದಂತಾಯಿತು.

ಜೂನ್ ಹೊತ್ತಿಗೆ ದೂರುಗಳು ಶುರುವಾದವು. ಕೊಟ್ಟ ದಿನಾಂಕ ಮುಗಿದು ವಾರಗಳಾದರೂ ಕಾರು ಬಂದಿಲ್ಲ ಎಂದರು ಕೆಲವರು. ಸಂಸ್ಥೆಯ ಜಾಲತಾಣ ಒಂದು ಊರನ್ನು ತೋರಿಸಿದರೆ ಕಾರು ಇದ್ದದ್ದು ಇನ್ನೊಂದು ಊರಿನಲ್ಲಿ ಎಂದರು ಹಲವರು. ದೂರವಾಣಿ ಕರೆಗಳಿಗೆ ಉತ್ತರವಿಲ್ಲ ಎಂಬುದು ಬಹುತೇಕ ಎಲ್ಲರ ಅಳಲು. ಬಂದ ಕಾರುಗಳಲ್ಲಿಯೂ ಹಾನಿಯಾಗಿದೆ ಎಂಬ ಆರೋಪಗಳು ಕೇಳಿಬಂದವು. ನೊಂದ ಕುಟುಂಬಗಳು ಒಟ್ಟುಗೂಡಿ ಪರಸ್ಪರ ಮಾಹಿತಿ ಹಂಚಿಕೊಳ್ಳತೊಡಗಿದವು. ತಮ್ಮ ಕಾರು ಇಂತಹ ಅಂಗಳದಲ್ಲಿ ನಿಂತಿರುವುದನ್ನು ಬೇರೆ ಸೈನಿಕರು ಕಂಡು ತಿಳಿಸಿದರೆ ಅದೇ ದೊಡ್ಡ ಸುದ್ದಿ ಎನ್ನುವ ಪರಿಸ್ಥಿತಿ ಬಂದಿತು.

ವಿಷಯ ಪತ್ರಿಕೆಗಳಿಗೆ, ಅಲ್ಲಿಂದ ಸಂಸತ್ ಸದಸ್ಯರಿಗೆ ತಲುಪಿತು. ಟ್ರಾನ್ಸ್‌ಕಾಂ ತನ್ನ ತಜ್ಞರ ತಂಡವನ್ನು ಗುತ್ತಿಗೆದಾರನ ನೆರವಿಗೆ ಕಳುಹಿಸಬೇಕಾಯಿತು. ಸರ್ಕಾರ ಹಣ ಕೊಟ್ಟು ಹೊರಗಿನವನಿಗೆ ವಹಿಸಿದ ಕೆಲಸವನ್ನು ಸರ್ಕಾರದ ಸಿಬ್ಬಂದಿಯೇ ಹೋಗಿ ಸರಿಪಡಿಸಬೇಕಾಗಿ ಬಂದದ್ದು ಇಲ್ಲಿ ಗಮನಾರ್ಹ. ಅದೇ ವರ್ಷ ನೊಂದ ಸೈನಿಕರ ಪರವಾಗಿ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆಯೂ ಹೂಡಲ್ಪಟ್ಟಿತು.

ಕಾರಿಲ್ಲದಿದ್ದರೆ ಏನು ನಷ್ಟ?

ಒಂದು ಕಾರು ಒಂದೆರಡು ತಿಂಗಳು ತಡವಾದರೆ ಅದರಲ್ಲೇನು ಎಂದು ಕೇಳಬಹುದು. ಬಸ್ಸು, ಆಟೋ ಹಿಡಿದು ಬದುಕು ಸಾಗಿಸುವ ನಮ್ಮ ನಗರಗಳ ಕಣ್ಣಿನಿಂದ ನೋಡಿದರೆ ಈ ಪ್ರಶ್ನೆ ಸಹಜ. ಆದರೆ ಅಮೆರಿಕದ ಸೇನಾ ನೆಲೆಗಳು ಹಲವೆಡೆ ಊರಿನಿಂದ ದೂರ. ಮನೆಯೊಂದು ಕಡೆ, ಕೆಲಸ ಇನ್ನೊಂದು ಕಡೆ, ಮಕ್ಕಳ ಶಾಲೆ, ಆಸ್ಪತ್ರೆ ಮತ್ತೊಂದು ಕಡೆ. ಬಸ್ಸಿನ ಸೌಕರ್ಯ ಇಲ್ಲದ ಕಡೆಯೇ ಹೆಚ್ಚು. ಕಾರು ಅಲ್ಲಿ ಭೋಗದ ವಸ್ತುವಲ್ಲ, ಮನೆಯ ನಿತ್ಯದ ಅಗತ್ಯ.

ಹೊಸ ಊರಿಗೆ ಬಂದ ಕುಟುಂಬ ಮೊದಲ ವಾರಗಳಲ್ಲಿಯೇ ಮನೆ ಹುಡುಕಬೇಕು, ಶಾಲೆಗೆ ಸೇರಿಸಬೇಕು. ಬಾಡಿಗೆ ಕಾರು ಪಡೆದರೆ ದಿನದ ಲೆಕ್ಕದಲ್ಲಿ ಹಣ ಹೋಗುತ್ತದೆ. ಅತ್ತ ಬಾರದ ಕಾರಿನ ಸಾಲದ ಕಂತು, ವಿಮೆಯ ಕಂತು ನಿಲ್ಲುವುದಿಲ್ಲ. ಕೆಳದರ್ಜೆಯ ಸೈನಿಕನ ಸಂಬಳದಲ್ಲಿ ಈ ಎರಡೂ ಭಾರ ಹೊರುವುದು ಸುಲಭವಲ್ಲ.

ಪರಿಹಾರ ಎಷ್ಟು? ಯಾರಿಂದ?

ಕಾನೂನು ಈ ಕಷ್ಟವನ್ನು ಪೂರ್ತಿ ಕಡೆಗಣಿಸಿರಲಿಲ್ಲ. ನಿಗದಿತ ದಿನಕ್ಕೆ ಕಾರು ಬರದಿದ್ದರೆ ಬಾಡಿಗೆ ಕಾರಿನ ಖರ್ಚನ್ನು ಸರ್ಕಾರ ಭರಿಸಬೇಕೆಂಬ ವಿಧಿ ಆಗಲೂ ಇತ್ತು. ಆದರೆ ಅದಕ್ಕೆ ಎರಡು ಬೇಲಿಗಳು. ದಿನಕ್ಕೆ 30 ಡಾಲರ್ ಮೀರಕೂಡದು, ಏಳು ದಿನ ದಾಟಕೂಡದು. ಅಂದರೆ ಎಷ್ಟೇ ತಡವಾದರೂ ಸಿಗುವ ಗರಿಷ್ಠ ಮೊತ್ತ 210 ಡಾಲರ್. ಕಾರು ಒಂದೆರಡು ದಿನ ತಡವಾಗುವ ಕಾಲಕ್ಕೆ ರಚಿಸಿದ ಈ ವಿಧಿ, ತಿಂಗಳುಗಟ್ಟಲೆ ತಡವಾದಾಗ ಹಾಸ್ಯಾಸ್ಪದವಾಯಿತು.

ಏಳು ದಿನಗಳ ನಂತರದ ಖರ್ಚನ್ನು ಸೈನಿಕ ಗುತ್ತಿಗೆದಾರನಿಂದ 'ಅನನುಕೂಲ ಪರಿಹಾರ'ದ ರೂಪದಲ್ಲಿ ಕೇಳಬೇಕಿತ್ತು. ಕೇಳುವವನು ಮೊದಲು ಕೈಯಿಂದ ಹಣ ಹಾಕಬೇಕು, ರಸೀದಿಗಳನ್ನು ಜೋಡಿಸಬೇಕು, ಅರ್ಜಿ ಸಲ್ಲಿಸಬೇಕು, ಕಾಯಬೇಕು. ದೂರವಾಣಿಯನ್ನೇ ಎತ್ತದ ಸಂಸ್ಥೆಯ ಮುಂದೆ ಪರಿಹಾರದ ಅರ್ಜಿ ಹಿಡಿದು ನಿಲ್ಲುವುದು ಎಷ್ಟು ಕಷ್ಟ ಎಂಬುದನ್ನು ವಿವರಿಸಬೇಕಿಲ್ಲ.

ಕಾರಿಗೇ ಹಾನಿಯಾಗಿದ್ದರೆ ದಾರಿ ಬೇರೆ. ತೆಗೆದುಕೊಳ್ಳುವಾಗಲೇ ಹೊಸ ಗೀರು, ತಗ್ಗುಗಳನ್ನು ತಪಾಸಣಾ ನಮೂನೆಯಲ್ಲಿ ಬರೆಸಬೇಕು. ನಂತರ ಗುತ್ತಿಗೆದಾರನಲ್ಲಿ ಪರಿಹಾರ ಕೇಳಬಹುದು, ಇಲ್ಲವೇ ಸೇನೆಯ ಪರಿಹಾರ ಕಚೇರಿಗೆ ಹೋಗಬಹುದು. ಸೈನಿಕರ ಆಸ್ತಿನಷ್ಟಕ್ಕೆಂದೇ 1964ರಲ್ಲಿ ಬಂದ ಕಾಯಿದೆಯೊಂದಿದೆ. ಅದರಡಿ ಸಾಮಾನ್ಯ ಸಂದರ್ಭದಲ್ಲಿ 40 ಸಾವಿರ ಡಾಲರ್‌ವರೆಗೆ ಪರಿಹಾರ ಕೊಡಲು ಅವಕಾಶ. ಅರ್ಜಿಗೆ ಎರಡು ವರ್ಷಗಳ ಗಡುವು. ಖಾಸಗಿಯಾಗಿ ಕಾರು ಕಳುಹಿಸುವವನ ಸ್ಥಿತಿಗಿಂತ ಇದು ಎಷ್ಟೋ ಮೇಲು. ಏಕೆಂದರೆ 1936ರ ಸಮುದ್ರ ಸರಕು ಸಾಗಣೆ ಕಾಯಿದೆಯ ಪ್ರಕಾರ, ಮೌಲ್ಯವನ್ನು ಮೊದಲೇ ಘೋಷಿಸದಿದ್ದರೆ ಹಡಗಿನವನ ಹೊಣೆ ಒಂದು ಸರಕಿಗೆ 500 ಡಾಲರ್‌ಗೆ ಸೀಮಿತ.

ಒಟ್ಟಿನಲ್ಲಿ ಗೀರು ಬಿದ್ದ ಕಾರಿಗೆ ನಿಯಮದಲ್ಲಿ ಒಂದು ಬೆಲೆಯಿದೆ. ಕಾಯುತ್ತಾ ಕಳೆದ ದಿನಗಳಿಗೆ ಇದ್ದ ಬೆಲೆ ಮಾತ್ರ ಬಹಳ ಕಡಿಮೆ.

ಗುತ್ತಿಗೆಯಲ್ಲಿ ಸೈನಿಕ ಎಲ್ಲಿದ್ದಾನೆ?

ಇಡೀ ಪ್ರಕರಣದ ತಿರುಳು ಇರುವುದು ಇಲ್ಲಿ. ಗುತ್ತಿಗೆ ಪತ್ರದಲ್ಲಿ ಎರಡೇ ಸಹಿಗಳಿವೆ. ಒಂದು ಸರ್ಕಾರದ್ದು, ಇನ್ನೊಂದು ಸಂಸ್ಥೆಯದ್ದು. ಕಾರಿನ ಮಾಲೀಕ ಅದರಲ್ಲಿ ಪಕ್ಷಗಾರನಲ್ಲ. ಆತ ಸಂಸ್ಥೆಯನ್ನು ಆಯ್ಕೆ ಮಾಡಿಲ್ಲ, ದರ ಚೌಕಾಸಿ ಮಾಡಿಲ್ಲ, ಹಣ ಕೊಟ್ಟಿಲ್ಲ. ಸೇವೆ ಸರಿಯಿಲ್ಲವೆಂದು ಬೇರೆಯವನ ಬಳಿ ಹೋಗುವ ಸ್ವಾತಂತ್ರ್ಯವೂ ಅವನಿಗಿಲ್ಲ. ಮಾರುಕಟ್ಟೆಯಲ್ಲಿ ಗಿರಾಕಿಗೆ ಇರುವ ಏಕೈಕ ಅಸ್ತ್ರವೆಂದರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗುವುದು. ಅದೇ ಇಲ್ಲಿ ಇಲ್ಲ.

ಹಾಗಾದರೆ ಗುತ್ತಿಗೆದಾರನನ್ನು ಅಂಕೆಯಲ್ಲಿಡುವ ಅಧಿಕಾರ ಇರುವುದು ಸರ್ಕಾರಕ್ಕೆ ಮಾತ್ರ. ಅದರ ಕೈಯಲ್ಲಿ ಹಲವು ಅಸ್ತ್ರಗಳಿವೆ. ಲೋಪ ಸರಿಪಡಿಸುವಂತೆ ಗಡುವು ಹಾಕಿ ನೋಟಿಸ್ ಕೊಡಬಹುದು. ಕಳಪೆ ಕೆಲಸಕ್ಕೆ ಹಣ ಕಡಿತ ಮಾಡಬಹುದು. ಸರ್ಕಾರದ ಕಾರ್ಯನಿರ್ವಹಣಾ ದಾಖಲೆಯಲ್ಲಿ ಕೆಟ್ಟ ಅಂಕ ನೀಡಬಹುದು. ಮುಂದಿನ ಟೆಂಡರ್‌ಗಳಲ್ಲಿ ಈ ದಾಖಲೆಯನ್ನು ನೋಡಲಾಗುತ್ತದೆ. ಒಂದೊಂದು ವರ್ಷದ ವಿಸ್ತರಣೆಯನ್ನು ಕೊಡದೆ ಬಿಡಬಹುದು. ಕೊನೆಯದಾಗಿ, ಲೋಪದ ಕಾರಣಕ್ಕೆ ಗುತ್ತಿಗೆಯನ್ನೇ ರದ್ದುಪಡಿಸಬಹುದು.

ಕಾಗದದ ಮೇಲೆ ಇವೆಲ್ಲ ಹರಿತವಾಗಿಯೇ ಕಾಣುತ್ತವೆ. ಆದರೆ 2014ರ ಬೇಸಿಗೆಯಲ್ಲಿ ಟ್ರಾನ್ಸ್‌ಕಾಂ ಕೈ ಕಟ್ಟಿದಂತಿತ್ತು. ಹಳೆಯ ಗುತ್ತಿಗೆದಾರ ನಿರ್ಗಮಿಸಿಯಾಗಿತ್ತು. ಹೊಸಬನನ್ನು ಕಿತ್ತುಹಾಕಿದರೆ ಅವನ ಅಂಗಳಗಳಲ್ಲಿ, ಹಡಗುಗಳಲ್ಲಿ ಇದ್ದ ಸಾವಿರಾರು ಕಾರುಗಳ ಗತಿ ಏನು? ಮತ್ತೆ ಟೆಂಡರ್ ಕರೆದು, ತಕರಾರುಗಳನ್ನು ಎದುರಿಸಿ, ಇನ್ನೊಬ್ಬನನ್ನು ತರುವ ಹೊತ್ತಿಗೆ ಮತ್ತೊಂದು ಬೇಸಿಗೆ ಬಂದಿರುತ್ತಿತ್ತು. ಒಬ್ಬನೇ ಗುತ್ತಿಗೆದಾರನ ಕೈಗೆ ಇಡೀ ಕೆಲಸ ಕೊಟ್ಟಾಗ ಅವನ ಮೇಲಿನ ಹಿಡಿತ ಬಿಗಿಯಾಗುತ್ತದೆ ಎಂಬ ಎಣಿಕೆ ಹೀಗೆ ತಲೆಕೆಳಗಾಯಿತು. ಬದಲಿ ಇಲ್ಲದವನನ್ನು ಶಿಕ್ಷಿಸುವುದು ಕಷ್ಟ.

ಗುತ್ತಿಗೆ ರದ್ದಾಗಲಿಲ್ಲ. ನಿಧಾನವಾಗಿ ಬಾಕಿ ಕಾರುಗಳು ತಲುಪಿದವು, ವಿಳಂಬ ಕಡಿಮೆಯಾಯಿತು. ಅದೇ ಸಂಸ್ಥೆ ನಂತರದ ವರ್ಷಗಳಲ್ಲೂ ಈ ಕೆಲಸವನ್ನು ಮುಂದುವರಿಸಿತು. ಅಮೆರಿಕ ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಈ ಗುತ್ತಿಗೆಯನ್ನು ಪರಿಶೀಲಿಸಿ 2016ರ ಜನವರಿಯಲ್ಲಿ ವರದಿ ನೀಡಿತು. ಕಾರ್ಯನಿರ್ವಹಣೆಯ ಲೋಪಗಳನ್ನು ನಿಭಾಯಿಸುವಲ್ಲಿ ಟ್ರಾನ್ಸ್‌ಕಾಂ ಇನ್ನಷ್ಟು ಸುಧಾರಿಸಬೇಕು ಎಂಬುದು ವರದಿಯ ಶೀರ್ಷಿಕೆಯಲ್ಲಿಯೇ ಇತ್ತು. ಬೆರಳು ತೋರಿಸಿದ್ದು ಗುತ್ತಿಗೆದಾರನ ಕಡೆಗೆ ಮಾತ್ರವಲ್ಲ, ಅವನನ್ನು ಕಾಯಬೇಕಾದ ಕಚೇರಿಯ ಕಡೆಗೂ ಎಂಬುದು ಇದರ ಅರ್ಥ.

ಮತ್ತೆ ಅದೇ ಪಾಠ

ಹತ್ತು ವರ್ಷಗಳ ನಂತರ ಇದೇ ಕತೆ ಇನ್ನೂ ದೊಡ್ಡದಾಗಿ ಮರುಕಳಿಸಿತು. ಈ ಸಲ ಕಾರಲ್ಲ, ಇಡೀ ಮನೆಯ ಸಾಮಾನು. ಸೈನಿಕರ ಮನೆ ಸಾಮಾನು ಸಾಗಿಸುವ ಕೆಲಸ ಅದುವರೆಗೆ ನೂರಾರು ಸಾಗಣೆ ಸಂಸ್ಥೆಗಳ ನಡುವೆ ಹಂಚಿತ್ತು. ದೂರುಗಳು ಹೆಚ್ಚಾದಾಗ, ಹೊಣೆ ಹೊರಲು ಒಬ್ಬನೇ ಇದ್ದರೆ ಒಳ್ಳೆಯದೆಂದು ಟ್ರಾನ್ಸ್‌ಕಾಂ ತೀರ್ಮಾನಿಸಿತು. 2020ರಲ್ಲಿ ಒಂದು ಸಂಸ್ಥೆಗೆ ಗುತ್ತಿಗೆ ಕೊಟ್ಟು, ಆಕ್ಷೇಪಣೆಗಳು ಊರ್ಜಿತವಾದಾಗ ಹಿಂದೆಗೆದುಕೊಂಡಿತು. 2021ರ ನವೆಂಬರ್‌ನಲ್ಲಿ 'ಹೋಮ್‌ಸೇಫ್ ಅಲಯನ್ಸ್'ಗೆ ನೀಡಿತು. ಎಲ್ಲ ವಿಸ್ತರಣೆಗಳೂ ಸೇರಿ ಅದರ ಸಂಭಾವ್ಯ ಮೌಲ್ಯ ಸುಮಾರು 1,790 ಕೋಟಿ ಡಾಲರ್.

2024ರ ಏಪ್ರಿಲ್‌ನಲ್ಲಿ ಮೊದಲ ಸಾಗಣೆಗಳು ಶುರುವಾದವು. 2025ರ ಆರಂಭದಲ್ಲಿ ಪ್ರಮಾಣ ಹೆಚ್ಚಿಸುತ್ತಿದ್ದಂತೆ ಅದೇ ಹಳೆಯ ದೂರುಗಳು ಎದ್ದವು. ಹೇಳಿದ ದಿನ ಸಾಮಾನು ಒಯ್ಯಲು ಯಾರೂ ಬರಲಿಲ್ಲ, ಬಂದದ್ದು ತಡವಾಗಿ ತಲುಪಿತು. ಕೊಡುವ ದರ ತೀರಾ ಕಡಿಮೆಯೆಂದು ಸ್ಥಳೀಯ ಲಾರಿ, ಪ್ಯಾಕಿಂಗ್ ಸಂಸ್ಥೆಗಳು ಈ ಕೆಲಸದಿಂದ ದೂರ ಉಳಿದವು. ಆದರೆ ಈ ಬಾರಿ ಅಂತ್ಯ ಬೇರೆಯಾಯಿತು. 2025ರ ಜೂನ್‌ನಲ್ಲಿ ರಕ್ಷಣಾ ಇಲಾಖೆ, ಸಂಸ್ಥೆ ಕರಾರು ಪೂರೈಸಲು ಅಸಮರ್ಥವಾಗಿದೆ ಎಂಬ ಕಾರಣ ನೀಡಿ ಗುತ್ತಿಗೆಯನ್ನು ರದ್ದುಪಡಿಸಿತು.

2014ರಲ್ಲಿ ಆಗದ್ದು 2025ರಲ್ಲಿ ಹೇಗೆ ಸಾಧ್ಯವಾಯಿತು? ಒಂದು ಕಾರಣ ಸ್ಪಷ್ಟ. ಮನೆ ಸಾಮಾನಿನ ವಿಷಯದಲ್ಲಿ ಹಳೆಯ ವ್ಯವಸ್ಥೆ ಇನ್ನೂ ಜೀವಂತವಾಗಿತ್ತು. ಹೊಸದು ಕೈಕೊಟ್ಟಾಗ ಸಾಗಣೆಗಳನ್ನು ಹಳೆಯದಕ್ಕೆ ಮರಳಿಸಲು ದಾರಿಯಿತ್ತು. ಕಾರುಗಳ ವಿಷಯದಲ್ಲಿ ಅಂತಹ ದಾರಿ ಇರಲಿಲ್ಲ. ಶಿಕ್ಷಿಸುವ ಅಧಿಕಾರ ಎರಡೂ ಸಲ ಒಂದೇ ಆಗಿತ್ತು. ಅದನ್ನು ಬಳಸುವ ಶಕ್ತಿ ಮಾತ್ರ ಬದಲಿ ವ್ಯವಸ್ಥೆ ಇದ್ದಾಗ ಬಂದಿತು.

ಗುತ್ತಿಗೆ ಕೊಡುವವರು ಈ ಎರಡು ಪ್ರಕರಣಗಳಿಂದ ಕಲಿಯಬೇಕಾದದ್ದು ಕೆಲವು ಸರಳ ಸಂಗತಿಗಳು. ಕೈ ಬದಲಾಯಿಸುವ ಕಾಲವನ್ನು ಕೆಲಸದ ಒತ್ತಡ ಕಡಿಮೆ ಇರುವಾಗ ಇಟ್ಟುಕೊಳ್ಳಬೇಕು. ಟೆಂಡರ್ ತಕರಾರಿನಿಂದ ದಿನ ಮುಂದೆ ಹೋದರೆ ಪ್ರಾರಂಭದ ದಿನವನ್ನೂ ಮತ್ತೆ ಯೋಚಿಸಬೇಕು. ಹಳಬನನ್ನು ಪೂರ್ತಿ ಕಳುಹಿಸುವ ಮುನ್ನ ಹೊಸಬನ ಕೆಲಸ ನೋಡಬೇಕು. ವಿಳಂಬದ ದಂಡ ಸರ್ಕಾರದ ಖಜಾನೆಗೆ ಹೋದರೆ ಸಾಲದು, ಕಾದು ಕುಳಿತವನ ಕೈಗೂ, ಅವನು ಕಳೆದುಕೊಂಡ ಪ್ರಮಾಣದಲ್ಲಿ ತಲುಪಬೇಕು. ದೂರು ಹೇಳಲು ಗುತ್ತಿಗೆದಾರನ ದೂರವಾಣಿಯ ಹೊರತಾಗಿ ಇನ್ನೊಂದು ಬಾಗಿಲು ಇರಬೇಕು.

ಇದು ಕೇವಲ ದೂರದ ದೇಶದ ಸೇನೆಯ ಮಾತಲ್ಲ. ಕಸ ವಿಲೇವಾರಿಯಿಂದ ಹಿಡಿದು ಹೆದ್ದಾರಿ ಸುಂಕದವರೆಗೆ ಸರ್ಕಾರದ ಕೆಲಸಗಳು ಗುತ್ತಿಗೆಯವರ ಕೈ ಸೇರುತ್ತಿರುವುದು ಎಲ್ಲೆಡೆ ಕಾಣುವ ದೃಶ್ಯ. ಅಲ್ಲೆಲ್ಲ ಸಹಿ ಹಾಕುವವರು ಇಬ್ಬರು, ಸೇವೆ ಪಡೆಯಬೇಕಾದವನು ಮೂರನೆಯವನು. ಈ ಮೂರನೆಯವನಿಗೆ ಕೇಳುವ ಹಕ್ಕನ್ನು ಕರಾರಿನಲ್ಲಿಯೇ ಬರೆದಿಡದಿದ್ದರೆ, ಹೊಣೆಗಾರಿಕೆ ಎಂಬುದು ಬಂದರಿನ ಯಾವುದೋ ಅಂಗಳದಲ್ಲಿ ನಿಂತುಹೋದ ಆ ಕಾರುಗಳಂತೆಯೇ ಆಗುತ್ತದೆ. ದಾಖಲೆಯಲ್ಲಿ ಅದು ಇರುತ್ತದೆ, ಬೇಕಾದವನಿಗೆ ಸಿಗುವುದಿಲ್ಲ.